ವಲಯ ನಿಯಮಾವಳಿ ತಿದ್ದುಪಡಿ: ಎಫ್‌ಎಆರ್ ಏರಿಸಿದರೂ ಕಟ್ಟಡ ಯಾಕೆ ಏರುವುದಿಲ್ಲ?

ಪ್ರಶ್ನೆ: ಸ್ಥಾಯಿಸಮಿತಿ

ನಗರದ ವಲಯ ನಿಯಮಾವಳಿಯ ತಿದ್ದುಪಡಿ ಕರಡು ಎರಡನೇ ಚರ್ಚೆಗೆ ಬಂದಿದೆ. ಮುಖ್ಯ ಅಂಶ ಮೂರು. ಒಂಟಿ ಮನೆಗೆ ಮಾತ್ರ ಅವಕಾಶವಿದ್ದ ವಲಯದಲ್ಲಿ ಒಂದು ನಿವೇಶನಕ್ಕೆ 3 ಮನೆ, ಎಫ್‌ಎಆರ್ (ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣ ನಿವೇಶನದ ಎಷ್ಟು ಪಟ್ಟು ಎಂಬ ಅನುಪಾತ) 1.75ರಿಂದ 2.5ಕ್ಕೆ, ಪಾರ್ಕಿಂಗ್ ಮನೆಗೆ ಈಗಿರುವ 1.5 ಕಾರಿನ ಲೆಕ್ಕದಿಂದ 1ಕ್ಕೆ ಇಳಿಕೆ. ಪಾರ್ಕಿಂಗ್ ಕಡ್ಡಾಯವನ್ನೇ ತೆಗೆಯಿರಿ ಎನ್ನುವ ಸದಸ್ಯರೂ ಇದ್ದಾರೆ.

ಉಳಿದದ್ದಕ್ಕೆ ಕರಡು ಕೈ ಹಾಕಿಲ್ಲ. ಸೆಟ್‌ಬ್ಯಾಕ್ (ನಿವೇಶನದ ಗಡಿಯಿಂದ ಬಿಡಬೇಕಾದ ಖಾಲಿ ಜಾಗ) ಮುಂದೆ 3 ಮೀ., ಹಿಂದೆ 2 ಮೀ., ಅಕ್ಕಪಕ್ಕ ತಲಾ 1.5 ಮೀ. ಕಟ್ಟಡ 12 ಮೀ. ಎತ್ತರ ದಾಟಿದರೆ ನಾಲ್ಕೂ ಕಡೆ 5 ಮೀ. ಗ್ರೌಂಡ್ ಕವರೇಜ್ (ನಿವೇಶನದಲ್ಲಿ ಕಟ್ಟಡ ಆವರಿಸುವ ಪಾಲು) ಗರಿಷ್ಠ ಶೇ 60. ಸ್ಟಿಲ್ಟ್ ಪಾರ್ಕಿಂಗ್ (ಕಟ್ಟಡದ ಕೆಳಗೆ ಕಂಬಗಳ ನಡುವೆ ಕಾರು ನಿಲ್ಲಿಸುವ ಮಟ್ಟ) ಎಫ್‌ಎಆರ್‌ಗೆ ಸೇರುವುದಿಲ್ಲ, ಎತ್ತರಕ್ಕೆ ಸೇರುತ್ತದೆ. ನಗರದ ಹೆಚ್ಚಿನ ನಿವೇಶನಗಳು 12×18 ಮೀ.

ಸಭೆಯಲ್ಲಿ ಒಂದು ಕಡೆಯವರು "2.5 ಕೊಟ್ಟರೆ ಬೀದಿ ಬೀದಿಯಲ್ಲೂ ಗೋಪುರ ಏಳುತ್ತದೆ" ಎನ್ನುತ್ತಿದ್ದಾರೆ, ಇನ್ನೊಂದು ಕಡೆಯವರು "2.5 ಕೊಟ್ಟರೆ ಮನೆ ಕೊರತೆ ತೀರುತ್ತದೆ" ಎನ್ನುತ್ತಿದ್ದಾರೆ. ಕರಡನ್ನು ನಿಜವಾಗಿ ಪರೀಕ್ಷಿಸುವುದು ಹೇಗೆ? ಇಂಥ ತಿದ್ದುಪಡಿಗಳು ಸಾಮಾನ್ಯವಾಗಿ ಎಲ್ಲಿ ಕೈಕೊಡುತ್ತವೆ?

ಉತ್ತರ 1: ನೀಲಿನಕ್ಷೆ

ಎರಡೂ ಕಡೆಯವರು ತಪ್ಪು ಅಂಕಿಯ ಮೇಲೆ ಜಗಳವಾಡುತ್ತಿದ್ದಾರೆ. ನೀವು ಕೊಟ್ಟ ಲೆಕ್ಕವನ್ನೇ 12×18 ನಿವೇಶನದ ಮೇಲೆ ಹಾಕಿ ನೋಡಿ.

ನಿವೇಶನ 216 ಚದರ ಮೀಟರ್. ಅಗಲದಲ್ಲಿ ಎರಡು ಪಕ್ಕಕ್ಕೂ ಸೇರಿ 3 ಮೀ. ಹೋಯಿತು, ಉಳಿದದ್ದು 9. ಉದ್ದದಲ್ಲಿ ಹಿಂದೆ ಮುಂದೆ ಸೇರಿ 5 ಹೋಯಿತು, ಉಳಿದದ್ದು 13. ಅಂದರೆ ಒಂದು ಮಹಡಿಗೆ ಸಿಗುವುದು 117 ಚದರ ಮೀಟರ್, ಕವರೇಜ್ ಸುಮಾರು ಶೇ 54. ಶೇ 60ರ ಮಿತಿ ಇಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಎತ್ತರ 12 ಮೀ., ಮಹಡಿಗೆ 3 ಮೀ. ಹಿಡಿದರೆ ನಾಲ್ಕು ಮಟ್ಟ. ಕೆಳಗಿನದು ಪಾರ್ಕಿಂಗ್‌ಗೆ ಹೋದರೆ ವಾಸಕ್ಕೆ ಮೂರು: 351 ಚದರ ಮೀಟರ್. ಎಫ್‌ಎಆರ್ 1.63.

ಈಗಿರುವ 1.75ರ ಮಿತಿಯನ್ನೇ ಈ ನಿವೇಶನ ಮುಟ್ಟುತ್ತಿಲ್ಲ. ಅದನ್ನು 2.5 ಮಾಡಿ, 4 ಮಾಡಿ, ಒಂದು ಇಟ್ಟಿಗೆಯೂ ಹೆಚ್ಚು ಕೂರುವುದಿಲ್ಲ.

"ಇನ್ನೊಂದು ಮಹಡಿ ಏರಿಸಿದರಾಯಿತು" ಎಂದರೆ 12 ಮೀ. ದಾಟುತ್ತೀರಿ, ಆಗ ನಾಲ್ಕೂ ಕಡೆ 5 ಮೀ. ಬಿಡಬೇಕು. 12 ಮೀ. ಅಗಲದಲ್ಲಿ 10 ಮೀ. ಬಿಟ್ಟರೆ ಉಳಿಯುವ ಕಟ್ಟಡದ ಅಗಲ 2 ಮೀ. ಅದರಲ್ಲಿ ಮೆಟ್ಟಿಲೂ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಸಣ್ಣ ನಿವೇಶನಕ್ಕೆ ನಿಜವಾದ ಮಿತಿ ಆ 12 ಮೀಟರ್ ಗೆರೆ. ಕರಡು ಅದರ ಬಗ್ಗೆ ಒಂದು ಸಾಲೂ ಬರೆದಿಲ್ಲ.

ಇನ್ನು ಪಾರ್ಕಿಂಗ್. ಕಾರಿನ ಜಾಗ 2.5×5 ಮೀ., ತಿರುಗಿಸಲು 6 ಮೀ. ಹಾದಿ. 13 ಮೀ. ಉದ್ದದಲ್ಲಿ 5+6 ಹೋದರೆ 2 ಮೀ. ಮಿಗುತ್ತದೆ, ಎರಡನೇ ಸಾಲಿಗೆ ಜಾಗವಿಲ್ಲ (ಅದಕ್ಕೆ 16 ಮೀ. ಬೇಕು). 9 ಮೀ. ಅಗಲದಲ್ಲಿ ಕಂಬಗಳನ್ನು ಕಳೆದರೆ ಮೂರು ಕಾರು. ಮೆಟ್ಟಿಲು, ಮೀಟರ್ ಬೋರ್ಡು, ಪಂಪು ಉಳಿದ ಮೂಲೆಗೆ. ಈ ಮೂರು ಕಾರೇ ಮನೆಗಳ ಸಂಖ್ಯೆಯನ್ನು ನಿರ್ಧರಿಸುತ್ತವೆ:

ಮನೆಗೆ 1.5 ಕಾರು ಎಂದರೆ 2 ಮನೆ. ಮೂರು ಮನೆಗೆ 4.5, ಪೂರ್ಣಾಂಕಕ್ಕೆ ಏರಿಸಿದರೆ 5 ಕಾರು ಬೇಕು, ಜಾಗವಿಲ್ಲ. ಅಂದರೆ "3 ಮನೆಗೆ ಅವಕಾಶ" ಎಂಬ ಮೊದಲ ತಿದ್ದುಪಡಿ ಮಾತ್ರ ಪಾಸಾಗಿ ಪಾರ್ಕಿಂಗ್ ತಿದ್ದುಪಡಿ ಬಿದ್ದರೆ ಮೊದಲನೆಯದೂ ಸತ್ತಂತೆಯೇ.

ಮನೆಗೆ 1 ಕಾರು ಎಂದರೆ 3 ಮನೆ, ತಲಾ 117 ಚದರ ಮೀಟರ್, ಮೆಟ್ಟಿಲೂ ಸೇರಿ. ಅದೇ 351ರಲ್ಲಿ 55–58 ಚದರ ಮೀಟರಿನ ಆರು ಮನೆ ಕೂರುತ್ತಿತ್ತು, ಆದರೆ ಕರಡಿನ 3 ಮನೆಯ ಮಿತಿ ಸಡಿಲಿಸಿದರೂ ಕಾರಿನ ಲೆಕ್ಕ ಬಿಡುವುದಿಲ್ಲ. ಸಣ್ಣ ಮನೆ ಯಾರೂ ಕಟ್ಟುತ್ತಿಲ್ಲ ಎಂದು ದೂರುವ ಸಭೆಗಳು ಮೊದಲು ತಮ್ಮ ಪಾರ್ಕಿಂಗ್ ಕೋಷ್ಟಕ ತೆರೆದು ನೋಡುವುದು ಒಳ್ಳೆಯದು.

ಪಾರ್ಕಿಂಗ್ ಕಡ್ಡಾಯ ತೆಗೆದರೆ ಕೆಳಗಿನ ಮಟ್ಟವೂ ವಾಸಕ್ಕೆ ಬರುತ್ತದೆ. 117×4 = 468 ಚದರ ಮೀಟರ್, ಎಫ್‌ಎಆರ್ 2.17. ಹಳೆಯ 1.75, ಅಂದರೆ 378 ಚದರ ಮೀಟರ್, ಈಗ ಮೊದಲ ಬಾರಿಗೆ ಅಡ್ಡ ಬರುತ್ತದೆ. ಹಾಗಾಗಿ ಈ ನಿವೇಶನದ ಮಟ್ಟಿಗೆ ಎಫ್‌ಎಆರ್ ಏರಿಕೆಗೆ ಅರ್ಥ ಬರುವುದು ಪಾರ್ಕಿಂಗ್ ಕಡ್ಡಾಯ ಹೋದಾಗ ಮಾತ್ರ. ಎರಡನ್ನೂ ಬೇರೆ ಬೇರೆ ದಿನ ಮತಕ್ಕೆ ಹಾಕಿದರೆ ಸಭೆ ಏನನ್ನು ಒಪ್ಪುತ್ತಿದೆ ಎಂಬುದು ಸಭೆಗೇ ಗೊತ್ತಿರುವುದಿಲ್ಲ.

ಹಾಗಾದರೆ ಕರಡಿನ 2.5 ಯಾರಿಗೆ? 30×40 ಮೀ. ನಿವೇಶನ ನೋಡಿ. ನಾಲ್ಕೂ ಕಡೆ 5 ಮೀ. ಬಿಟ್ಟರೂ 20×30 = 600 ಚದರ ಮೀಟರ್ ಉಳಿಯುತ್ತದೆ. ಐದು ಮಹಡಿಗೆ 3000, ಸರಿಯಾಗಿ 2.5. ಕರಡು ಇದ್ದ ಹಾಗೇ ಪಾಸಾದರೆ ಲಾಭವಾಗುವುದು ಐದಾರು ನಿವೇಶನ ಒಟ್ಟುಗೂಡಿಸಬಲ್ಲವರಿಗೆ. ಒಂಟಿ ನಿವೇಶನದವರಿಗೆ ಕಟ್ಟುವ ದಾರಿ ತೆರೆಯುವುದಿಲ್ಲ, ಮಾರುವ ದಾರಿ ಮಾತ್ರ ತೆರೆಯುತ್ತದೆ. ಸಭೆಗೆ ಅದೇ ಬೇಕಿದ್ದರೆ ಸರಿ, ಆದರೆ ಬೇಕು ಎಂದು ಬಾಯಿಬಿಟ್ಟು ಹೇಳಲಿ.

ಉತ್ತರ 2: ಕಲಂ_ಉಪಕಲಂ

ನೀಲಿನಕ್ಷೆಯವರ ಲೆಕ್ಕಕ್ಕೆ ಪುರಾವೆ ಬೇಕೆಂದರೆ ಅಮೆರಿಕದ ಎರಡು ನಗರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮಿನಿಯಾಪೊಲಿಸ್ ನಗರಸಭೆ 2018ರ ಡಿಸೆಂಬರ್‌ನಲ್ಲಿ ಒಂಟಿ ಮನೆ ವಲಯಗಳಲ್ಲಿ ಮೂರು ಮನೆಗೆ ಅವಕಾಶ ಕೊಡುವ ಯೋಜನೆ ಒಪ್ಪಿತು. ಸುದ್ದಿ ದೊಡ್ಡದಾಯಿತು, ಕಟ್ಟಿದ ಮೂರು-ಮನೆ ಕಟ್ಟಡಗಳು ಮಾತ್ರ ಕಡಿಮೆ. ಕಾರಣ, ಆ ವಲಯಗಳ ಒಳಭಾಗದಲ್ಲಿ ಕಟ್ಟಡದ ಗಾತ್ರದ ಮಿತಿ ಒಂದು ಮನೆಗೂ ಮೂರು ಮನೆಗೂ ಒಂದೇ, 0.5 ಎಫ್‌ಎಆರ್. ಒಂದು ಮನೆಯ ಗಾತ್ರದಲ್ಲಿ ಮೂರು ಅಡುಗೆಮನೆ, ಮೂರು ಬಚ್ಚಲು ತುರುಕಬೇಕು. ಪೋರ್ಟ್‌ಲ್ಯಾಂಡ್ 2020ರಲ್ಲಿ ಒಪ್ಪಿದ ತಿದ್ದುಪಡಿಯಲ್ಲಿ ಗಾತ್ರವನ್ನು ಮನೆಗಳ ಸಂಖ್ಯೆಗೆ ಕಟ್ಟಿತು. ಅಲ್ಲಿನ ಒಂದು ಸಾಮಾನ್ಯ ವಸತಿ ವಲಯದಲ್ಲಿ ಒಂದು ಮನೆಗೆ 0.5, ಎರಡಕ್ಕೆ 0.6, ಮೂರು ಮತ್ತು ಹೆಚ್ಚಿಗೆ 0.7. ಒಂಟಿ ಬಂಗಲೆ ದೊಡ್ಡದಾಗದು, ಹೆಚ್ಚು ಮನೆ ಕಟ್ಟುವವರಿಗೆ ಜಾಗ ಹೆಚ್ಚು. ನಿಮ್ಮ ಕರಡಿನಲ್ಲಿ ಇಂಥ ಮೆಟ್ಟಿಲಿಲ್ಲ. ಪೂರ್ತಿ 2.5 ಬಳಸಿ ಒಂದೇ ದೊಡ್ಡ ಮನೆ ಕಟ್ಟಿದರೂ ನಿಯಮ ಸುಮ್ಮನಿರುತ್ತದೆ.

ಇನ್ನು ವ್ಯಾಖ್ಯಾನದ ಅಧ್ಯಾಯ. ಚರ್ಚೆಯಲ್ಲಿ ಯಾರೂ ಓದದ ಭಾಗ, ನಕ್ಷೆ ಮಂಜೂರಾತಿಯಲ್ಲಿ ಎಲ್ಲರೂ ಮೊದಲು ಓದುವ ಭಾಗ. ನೀವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ, ಮತ್ತು ತೂರುವ ಜಾಗ ಇದೇ.

ಎಫ್‌ಎಆರ್ ಲೆಕ್ಕದಿಂದ ಏನು ಹೊರಗೆ? ಮೆಟ್ಟಿಲು, ಲಿಫ್ಟ್, ಸಾಮಾನ್ಯ ಹಾದಿ ಸೇರಿ ಮಹಡಿಗೆ 20 ಚದರ ಮೀಟರ್ ಹಿಡಿಯಿರಿ. ನಾಲ್ಕು ಮಹಡಿಗೆ 80. ಮೇಲಿನ 468ರಿಂದ 80 ಕಳೆದರೆ 388, ಹಳೆಯ 1.75ರ ಮಿತಿಯಾದ 378ಕ್ಕೆ ಕೂದಲೆಳೆ ಹತ್ತಿರ. ಅಂದರೆ "ಸಾಮಾನ್ಯ ಹಾದಿ ಲೆಕ್ಕಕ್ಕಿಲ್ಲ" ಎಂಬ ಒಂದು ಸಾಲು, ಇಡೀ ಸಭೆ ಬಡಿದಾಡುತ್ತಿರುವ ಎಫ್‌ಎಆರ್ ಏರಿಕೆಯಷ್ಟೇ ಕೆಲಸ ಮಾಡುತ್ತದೆ. ಬಾಲ್ಕನಿ ಹೊರಗೆ ಎಂದು ಬರೆದು ಅದರ ಅಗಲಕ್ಕೆ ಮಿತಿ ಹಾಕದಿದ್ದರೆ ವರ್ಷದೊಳಗೆ ಅವು ಗಾಜು ಹಾಕಿದ ಕೋಣೆಗಳಾಗುತ್ತವೆ.

ಎತ್ತರ ಎಲ್ಲಿಂದ ಎಲ್ಲಿಗೆ? ರಸ್ತೆ ಮಟ್ಟದಿಂದಲೋ, ಸಹಜ ನೆಲದ ಸರಾಸರಿಯಿಂದಲೋ, ಮಣ್ಣು ತುಂಬಿದ ಮೇಲಿನ ನೆಲದಿಂದಲೋ? ಮೂರನೆಯದನ್ನು ಬರೆದರೆ ಒಂದು ಮೀಟರ್ ಮಣ್ಣು ತುಂಬಿ ಒಂದು ಮೀಟರ್ ಎತ್ತರ ಗಳಿಸುತ್ತಾರೆ, ನೀರು ಪಕ್ಕದವರ ಅಂಗಳಕ್ಕೆ. ಲಿಫ್ಟ್ ಕೋಣೆ, ನೀರಿನ ಟ್ಯಾಂಕ್, ಮೆಟ್ಟಿಲ ತಲೆಗೂಡು ಹೊರಗೆ ಎಂದಾದರೆ ತಾರಸಿಯ ಶೇಕಡಾ ಎಷ್ಟರವರೆಗೆ ಎಂದು ಬರೆಯಬೇಕು. ಇಲ್ಲದಿದ್ದರೆ ತಲೆಗೂಡೇ ಒಂದು ಮಹಡಿ. ಅರ್ಧ ನೆಲದೊಳಗಿರುವ ಮಟ್ಟ ಯಾವಾಗ ಮಹಡಿ, ಯಾವಾಗ ನೆಲಮಾಳಿಗೆ ಎಂಬುದಕ್ಕೂ ಅಂಕಿ ಬೇಕು.

ಮೂಲೆ ನಿವೇಶನದ ಕಲಂ ಹೇಗಿದೆ ನೋಡಿ. ಎರಡು ರಸ್ತೆಗೂ "ಮುಂಭಾಗ" ಎಂದು ಬರೆದಿದ್ದರೆ ಒಂದು ಪಕ್ಕದ 1.5 ಮೀ. 3 ಮೀ. ಆಗುತ್ತದೆ. ಅಗಲ 9ರಿಂದ 7.5ಕ್ಕೆ, ಮಹಡಿ 117ರಿಂದ 97.5ಕ್ಕೆ. ಮೂರು ಕಾರು ಕೂರುತ್ತಿದ್ದಲ್ಲಿ ಕಂಬ ಕಳೆದು ಎರಡು. ಹೆಚ್ಚು ಮನೆ ಕಟ್ಟಲು ಸೂಕ್ತವಾದ ಮೂಲೆ ನಿವೇಶನವೇ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುತ್ತದೆ.

ಪರಿವರ್ತನೆಯ ಕಲಂ: ಈಗಾಗಲೇ ಸಲ್ಲಿಸಿದ ಅರ್ಜಿಗೆ ಯಾವ ನಿಯಮ? ಪೂರ್ಣ ದಾಖಲೆಗಳೊಂದಿಗೆ ಅರ್ಜಿ ಸ್ವೀಕೃತವಾದ ದಿನಾಂಕವನ್ನು ಗಡುವಾಗಿ ಇಡುವುದು ಮೇಲು. "ಮಂಜೂರಾದ ದಿನಾಂಕ" ಎಂದು ಇಟ್ಟರೆ ಕಚೇರಿಯ ವಿಳಂಬವೇ ಅರ್ಜಿದಾರರ ಹಣೆಬರಹ ಬರೆಯುತ್ತದೆ. ನಿಯಮ ಬಿಗಿಯಾಗುವ ಕಡೆ ಜಾರಿಗೆ ಮೊದಲು ಅರ್ಜಿಗಳ ನೂಕುನುಗ್ಗಲು ಖಂಡಿತ, ಹಾಗಾಗಿ ಹಳೆಯ ನಿಯಮದ ಮಂಜೂರಾತಿಗೆ ಕೆಲಸ ಶುರುವಾಗಬೇಕಾದ ಅವಧಿಯನ್ನೂ ಕಟ್ಟಿಹಾಕಿ.

ಹಳೆಯ ನಿಯಮದಂತೆ ಸರಿಯಾಗಿಯೇ ಕಟ್ಟಿ ಹೊಸ ನಿಯಮಕ್ಕೆ ಹೊಂದದೆ ಹೋಗುವ ಕಟ್ಟಡಗಳ ಕಲಂ ಇನ್ನೂ ಮುಖ್ಯ. ಅನೇಕ ನಿಯಮಾವಳಿಗಳಲ್ಲಿ "ಅರ್ಧಕ್ಕಿಂತ ಹೆಚ್ಚು ಹಾನಿಯಾದರೆ ಹೊಸ ನಿಯಮದಂತೆಯೇ ಮರುನಿರ್ಮಾಣ" ಎಂದಿರುತ್ತದೆ. ಬೆಂಕಿ ಬಿದ್ದ ಮನೆಯನ್ನು ಇದ್ದ ಹಾಗೆ ಕಟ್ಟಲಾಗದು ಎಂದಾದರೆ ಸಾಲ ಕೊಡುವವರೂ ವಿಮೆ ಮಾಡುವವರೂ ಹಿಂದೆ ಸರಿಯುತ್ತಾರೆ. ಆಕಸ್ಮಿಕ ಹಾನಿಗೆ ಇದ್ದ ಅಳತೆಯಲ್ಲೇ ಮರುನಿರ್ಮಾಣಕ್ಕೆ ಅವಕಾಶ, ಮಾಲೀಕರೇ ಕೆಡವಿದರೆ ಹೊಸ ನಿಯಮ ಎಂದು ಎರಡನ್ನೂ ಬೇರೆ ಮಾಡಿ.

ಉತ್ತರ 3: ಮೋರಿಲೆಕ್ಕ

"ಮೂರು ಮನೆ ಬಂದರೆ ಒಳಚರಂಡಿ ಉಕ್ಕುತ್ತದೆ" ಎಂಬ ಆಕ್ಷೇಪ ಬಂದೇ ಬರುತ್ತದೆ. ಲೆಕ್ಕ ಹೀಗೆ.

40 ನಿವೇಶನದ ಬೀದಿ. ಕಾಲು ಭಾಗ, 10 ನಿವೇಶನ, ಒಂದರಿಂದ ಮೂರು ಮನೆ ಆದವು ಎಂದುಕೊಳ್ಳಿ. ಹೆಚ್ಚುವರಿ 20 ಮನೆ. ಮನೆಗೆ 4 ಜನ, ತಲೆಗೆ ದಿನಕ್ಕೆ 150 ಲೀಟರ್, ಅದರಲ್ಲಿ ಶೇ 80 ಕೊಳಚೆ ಎಂದರೆ ಮನೆಗೆ 480 ಲೀಟರ್, 20 ಮನೆಗೆ 9600. ಸರಾಸರಿ ಸೆಕೆಂಡಿಗೆ 0.11 ಲೀಟರ್, ಬೆಳಗಿನ ಒತ್ತಡಕ್ಕೆ ಮೂರು ಪಟ್ಟು ಹಿಡಿದರೆ 0.33. ಬೀದಿಯ 150 ಮಿ.ಮೀ. ಪೈಪು 1:150 ಇಳಿಜಾರಿನಲ್ಲಿ ತುಂಬಿ ಹರಿದರೆ ಸೆಕೆಂಡಿಗೆ 12 ಲೀಟರ್ ಆಸುಪಾಸು ಸಾಗಿಸುತ್ತದೆ. ಬೀದಿಯ ಪೈಪು ಉಕ್ಕಿದರೆ ಕಾರಣ ಸಾಮಾನ್ಯವಾಗಿ ಹೂಳು, ಬೇರು, ಇಳಿಜಾರು ಕಳೆದುಕೊಂಡ ಪೈಪು, ಅಥವಾ ಒಳಚರಂಡಿಗೆ ಸೇರಿಸಿದ ಮಳೆನೀರು. ಕೇಳಬೇಕಾದ ಪ್ರಶ್ನೆ ಕೆಳಗಿನ ಮುಖ್ಯ ಕೊಳವೆ ಮತ್ತು ಶುದ್ಧೀಕರಣ ಘಟಕದ ಉಳಿದ ಸಾಮರ್ಥ್ಯದ ಬಗ್ಗೆ, ಏಕೆಂದರೆ ಅಲ್ಲಿ ಇಂಥ ನೂರಾರು ಬೀದಿಗಳ ಮೊತ್ತ ಸೇರುತ್ತದೆ.

ಈಗ ಮಳೆನೀರು. ಅದೇ 10 ನಿವೇಶನಗಳಲ್ಲಿ ತಲಾ 40 ಚದರ ಮೀಟರ್ ಮಣ್ಣಿನ ಅಂಗಳ ಕಾಂಕ್ರೀಟ್ ಆಯಿತು ಎಂದುಕೊಳ್ಳಿ. ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಇಂಗದೆ ಹರಿದುಹೋಗುವ ಪಾಲು) 0.3ರಿಂದ 0.9ಕ್ಕೆ, ವ್ಯತ್ಯಾಸ 0.6. ಗಂಟೆಗೆ 50 ಮಿ.ಮೀ. ಮಳೆಯಲ್ಲಿ 40 ಚದರ ಮೀಟರ್ ಮೇಲೆ ಬೀಳುವುದು 2000 ಲೀಟರ್, ಅದರ 0.6 ಪಾಲು 1200 ಲೀಟರ್ ಹೆಚ್ಚುವರಿ. ಸೆಕೆಂಡಿಗೆ 0.33 ಲೀಟರ್, ಹತ್ತು ನಿವೇಶನಕ್ಕೆ 3.3. ಇಪ್ಪತ್ತು ಮನೆಗಳ ಕೊಳಚೆಯ ಹತ್ತು ಪಟ್ಟು! ಮತ್ತು ಇದಕ್ಕೆ ಹೊಸ ಮನೆಯೂ ಬೇಕಿಲ್ಲ. ಈಗಿನ ಒಂಟಿ ಮನೆಯವರು ಕಾರು ನಿಲ್ಲಿಸಲು ಅಂಗಳಕ್ಕೆ ಟೈಲ್ಸ್ ಹಾಕಿದರೂ ಅಷ್ಟೇ ನೀರು.

ಹಾಗಾಗಿ ಮನೆಗಳ ಸಂಖ್ಯೆಗೆ ತಡೆ ಹಾಕುವ ಬದಲು "ನಿವೇಶನದ ಶೇ 20 ನೀರು ಇಂಗುವ ನೆಲ, ಕೆಳಗೆ ನೆಲಮಾಳಿಗೆ ಇರಕೂಡದು" ಎಂಬ ಕಲಂ ಕೇಳಿ. 216ಕ್ಕೆ 43 ಚದರ ಮೀಟರ್. ಕೊನೆಯ ಮೂರು ಪದ ಬಿಟ್ಟರೆ ಕಾಂಕ್ರೀಟ್ ಚಾವಣಿಯ ಮೇಲೆ ಒಂದು ಅಡಿ ಮಣ್ಣು ಹಾಕಿ ಹುಲ್ಲು ನೆಟ್ಟು ಲೆಕ್ಕ ತೋರಿಸುತ್ತಾರೆ. ಸೆಟ್‌ಬ್ಯಾಕ್‌ನಲ್ಲೇ ಕಾರು ನಿಲ್ಲಿಸಲು ಬಿಟ್ಟರೂ ಈ 43 ಮಾಯವಾಗುತ್ತದೆ, ಎರಡು ಕಲಂಗಳನ್ನು ಒಟ್ಟಿಗೆ ಓದಿ.

ಸ್ಥಾಯಿಸಮಿತಿ

ಮೂವರಿಗೂ ಧನ್ಯವಾದ. ಇನ್ನೆರಡು ಸಲಹೆ ಸಭೆಯಲ್ಲಿ ತೇಲುತ್ತಿವೆ. ಒಂದು, ಅಂಕಿಗಳ ಗೊಡವೆಯೇ ಬೇಡ, "ಸುತ್ತಲಿನ ಬಡಾವಣೆಯ ಸ್ವರೂಪಕ್ಕೆ ಹೊಂದುವಂತಿರಬೇಕು" ಎಂದು ಬರೆದು ನಿರ್ಧಾರವನ್ನು ಸಮಿತಿಗೆ ಬಿಡೋಣ ಎಂಬುದು. ಇನ್ನೊಂದು, ರಸ್ತೆ ಅಗಲಕ್ಕೆ ತಕ್ಕ ಎಫ್‌ಎಆರ್. ಜೊತೆಗೆ ಪಾರ್ಕಿಂಗ್ ತೆಗೆದರೆ ಕಾರೆಲ್ಲ ಬೀದಿಗೆ ಬರುತ್ತವಲ್ಲ ಎಂಬ ಪ್ರಶ್ನೆಗೆ ಏನು ಉತ್ತರ?

ಉತ್ತರ 4: ಗಲ್ಲಿನೋಟ

ಕೊನೆಯದಕ್ಕೆ ಮೊದಲು: ಹೌದು, ಬರುತ್ತವೆ. ಪಾರ್ಕಿಂಗ್ ಕಡ್ಡಾಯ ತೆಗೆಯಿರಿ ಎನ್ನುವವರು ಇದನ್ನು ಮುಚ್ಚಿಡಬಾರದು. ಆದರೆ ಕಡ್ಡಾಯವಿದ್ದರೂ ಬರುತ್ತವೆ, ಏಕೆಂದರೆ ಬೀದಿ ಪುಕ್ಕಟೆ. ಸ್ಟಿಲ್ಟ್‌ನ ಜಾಗ ಗೋದಾಮೋ ಅಂಗಡಿಯೋ ಆಗಿ, ಕಾರು ಹೊರಗೇ ನಿಂತಿರುತ್ತದೆ. ಬೀದಿಯ ಜಾಗಕ್ಕೆ ಪರವಾನಗಿ ಮತ್ತು ಶುಲ್ಕ ಜಾರಿಯಾಗದೆ ಕಟ್ಟಡದೊಳಗಿನ ನಿಯಮ ಬಿಗಿ ಮಾಡಿದರೂ ಸಡಿಲಿಸಿದರೂ ಬೀದಿಯ ಗೋಳು ಬದಲಾಗದು. ಕ್ರಮ ಹೀಗಿರಲಿ: ಮೊದಲು ಬೀದಿ ಪಾರ್ಕಿಂಗ್ ಪರವಾನಗಿಯ ಠರಾವು, ಹೊಸ ಮನೆಗಳಿಗೆ ಪರವಾನಗಿ ಎಷ್ಟು ಎಂಬ ಮಿತಿ, ಆಮೇಲೆ ಕಡ್ಡಾಯ ರದ್ದು. ಅಮೆರಿಕದ ಬಫಲೊ ನಗರ 2017ರ ಹೊಸ ನಿಯಮಾವಳಿಯಲ್ಲಿ ಇಡೀ ನಗರಕ್ಕೆ ಕನಿಷ್ಠ ಪಾರ್ಕಿಂಗ್ ತೆಗೆಯಿತು. ಮೆಕ್ಸಿಕೊ ಸಿಟಿ ಅದೇ ವರ್ಷ ಕನಿಷ್ಠದ ಜಾಗದಲ್ಲಿ ಗರಿಷ್ಠ ಮಿತಿ ತಂದಿತು. ಕಡ್ಡಾಯ ಇಲ್ಲ ಎಂದರೆ ನಿಷೇಧ ಎಂದಲ್ಲ. ಕೊಳ್ಳುವವರು ಕೇಳಿದರೆ ಕಟ್ಟುವವರು ಕೊಡುತ್ತಾರೆ. ಅಂಗವಿಕಲರ ಜಾಗ, ಸರಕು ಇಳಿಸುವ ಜಾಗ ಮಾತ್ರ ಕಡ್ಡಾಯವಾಗಿ ಉಳಿಯಲಿ.

ರಸ್ತೆ ಅಗಲದ ಸೂತ್ರ ಜಪಾನಿನಲ್ಲಿದೆ. ಮುಂದಿನ ರಸ್ತೆ 12 ಮೀ.ಗಿಂತ ಕಿರಿದಾದರೆ ವಸತಿ ವಲಯಗಳಲ್ಲಿ ಸಾಮಾನ್ಯವಾಗಿ ರಸ್ತೆಯ ಅಗಲವನ್ನು 0.4ರಿಂದ, ಉಳಿದ ವಲಯಗಳಲ್ಲಿ 0.6ರಿಂದ ಗುಣಿಸಿದಷ್ಟೇ ಎಫ್‌ಎಆರ್. ವಲಯದ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಅದು. 4 ಮೀ. ಗಲ್ಲಿಗೆ 1.6, 6 ಮೀ. ರಸ್ತೆಗೆ 2.4. ನಿಮ್ಮ 2.5 ಮೇಲಿನ ಮಿತಿಯಾಗಿ ಉಳಿದು, ಗಲ್ಲಿಯಲ್ಲಿ ತಾನಾಗಿ ತಗ್ಗುತ್ತದೆ. ನಕ್ಷೆಯಲ್ಲಿ ಬೀದಿ ಬೀದಿಗೆ ಬಣ್ಣ ಬಳಿದು ಜಗಳ ಕಾಯುವ ಕೆಲಸ ತಪ್ಪುತ್ತದೆ. ಒಂದೇ ಎಚ್ಚರಿಕೆ, "ರಸ್ತೆ ಅಗಲ" ಎಂದರೆ ದಾಖಲೆಯದೋ, ಸ್ಥಳದಲ್ಲಿ ಅಳೆದದ್ದೋ, ವಿಸ್ತರಣೆಗೆ ಗುರುತಿಸಿದ್ದೋ ಎಂದು ಬರೆಯಿರಿ. ವಿಸ್ತರಣೆಯ ಗೆರೆಯನ್ನು ಲೆಕ್ಕಕ್ಕೆ ಹಿಡಿದರೆ, ರಸ್ತೆ ಎಂದೂ ಅಗಲವಾಗದೆ ಕಟ್ಟಡ ಮಾತ್ರ ಎದ್ದು ನಿಲ್ಲುತ್ತದೆ.

"ಸ್ವರೂಪಕ್ಕೆ ಹೊಂದುವಂತೆ" ಎಂಬ ಕಲಂಗೆ ನನ್ನ ಸ್ಪಷ್ಟ ವಿರೋಧ. ಯಾವ ಅಳತೆಯೂ ಇಲ್ಲದ ಮಾನದಂಡ ಎಂದರೆ ಪ್ರತಿ ನಕ್ಷೆಯೂ ಒಂದು ಅಹವಾಲು, ಪ್ರತಿ ಅಹವಾಲೂ ಒಂದು ಒತ್ತಡ. ಸ್ವರೂಪ ಎಂದರೆ ಏನು ಬೇಕು ಎಂಬುದನ್ನೇ ಬರೆಯಿರಿ: ರಸ್ತೆಗೆ ಮುಖಮಾಡಿದ ಬಾಗಿಲು, ಮುಂಭಾಗದ ಉದ್ದದಲ್ಲಿ ಇಷ್ಟು ಪಾಲು ಕಿಟಕಿ, ಗ್ಯಾರೇಜ್ ಬಾಗಿಲು ಅಗಲದ ಅರ್ಧಕ್ಕಿಂತ ಕಡಿಮೆ, ಪಕ್ಕದ ಮನೆಗಿಂತ ಮುಂದಕ್ಕೆ ಚಾಚದ ಗೋಡೆ. ಇವನ್ನೆಲ್ಲ ಟೇಪು ಹಿಡಿದು ಅಳೆಯಬಹುದು.

ಉತ್ತರ 5: ನೀಲಿನಕ್ಷೆ

ಆ 12 ಮೀಟರ್ ಗೆರೆಗೆ ಮದ್ದು ಹೇಳುವುದು ಬಾಕಿ ಇತ್ತು. ಗೆರೆ ದಾಟಿದ ಕೂಡಲೇ ಇಡೀ ಕಟ್ಟಡ 5 ಮೀ. ಹಿಂದೆ ಸರಿಯಬೇಕು ಎನ್ನುವ ಬದಲು, ಗೆರೆಯ ಮೇಲಿನ ಮಹಡಿ ಮಾತ್ರ ಒಳಗೆ ಸರಿಯಲಿ. ನ್ಯೂಯಾರ್ಕ್ 1916ರ ನಿಯಮದಲ್ಲಿ ಹಿಡಿದ ದಾರಿಯೇ ಇದು. 1915ರಲ್ಲಿ ಮುಗಿದ ಇಕ್ವಿಟಬಲ್ ಕಟ್ಟಡ 38 ಮಹಡಿ ನೇರವಾಗಿ ಎದ್ದು ಸುತ್ತಲಿನ ಬೆಳಕು ನುಂಗಿದ ಮೇಲೆ, ಮೇಲೇರಿದಂತೆ ಹಿಂದೆ ಸರಿಯಬೇಕೆಂಬ ನಿಯಮ ಬಂತು. ಎಂಪೈರ್ ಸ್ಟೇಟ್ ಕಟ್ಟಡದ ಮೆಟ್ಟಿಲುಮೆಟ್ಟಿಲಾದ ರೂಪ ಅದರ ಫಲ. (ಎಫ್‌ಎಆರ್ ಅಲ್ಲಿನ ನಿಯಮಾವಳಿಗೆ ಬಂದದ್ದು 1961ರಲ್ಲಿ.) ನಿಮ್ಮ ನಿವೇಶನದಲ್ಲಿ ಐದನೇ ಮಟ್ಟ ನಾಲ್ಕೂ ಕಡೆ 1.5 ಮೀ. ಒಳಗೆ ಸರಿದರೆ 6×10 = 60 ಚದರ ಮೀಟರ್ ಸಿಗುತ್ತದೆ. ಎತ್ತರ 15 ಮೀ. ಅಗ್ನಿಶಾಮಕ ನಿಯಮ ಬೇರೆ ಪುಸ್ತಕ, ಯಾವ ಎತ್ತರಕ್ಕೆ ಎರಡನೇ ಮೆಟ್ಟಿಲು ಬೇಕು ಎಂಬುದನ್ನು ಅದರಲ್ಲಿ ನೋಡದೆ 15 ಎಂದು ಬರೆಯಬೇಡಿ. ಎರಡನೇ ಮೆಟ್ಟಿಲು ಬಂದರೆ ಆ 60ರ ಲಾಭ ಅಲ್ಲೇ ಕರಗುತ್ತದೆ.

ಇನ್ನೊಂದು ದಾರಿ, ಒಂದು ಪಕ್ಕದ ಸೆಟ್‌ಬ್ಯಾಕ್ ಕೈಬಿಟ್ಟು ಪಕ್ಕದವರೊಂದಿಗೆ ಗೋಡೆ ಕೂಡಿಸಲು ಬಿಡುವುದು. ಅಗಲ 10.5, ಅಂದರೆ 136.5 ಚದರ ಮೀಟರ್, ಆದರೆ ಈಗ ಶೇ 60ರ ಕವರೇಜ್ 129.6ಕ್ಕೆ ನಿಲ್ಲಿಸುತ್ತದೆ. ನಾಲ್ಕು ಮಹಡಿಗೆ 518, ಎಫ್‌ಎಆರ್ 2.4. ಗಾಳಿ-ಬೆಳಕಿಗೆ 1.5 ಮೀ. ಸಂದು ಹೇಗೂ ಉಪಯೋಗವಿಲ್ಲ, ಅದು ಪೈಪು ಮತ್ತು ಕಸದ ಓಣಿ. ಒಂದು ಕಡೆ ಪೂರ್ತಿ ಮುಚ್ಚಿ ಇನ್ನೊಂದು ಕಡೆ 3 ಮೀ. ಬಿಡಿಸಿದರೆ ಕಿಟಕಿಗೆ ನಿಜವಾದ ಬೆಳಕು ಬರುತ್ತದೆ, ಆಗ ಅಗಲ ಮತ್ತೆ 9, ವಿಸ್ತೀರ್ಣ ನಷ್ಟವಿಲ್ಲ. ನನ್ನ ಮತ ಇದಕ್ಕೆ. ಕೂಡುಗೋಡೆಯಲ್ಲಿ ಕಿಟಕಿ ಇರಕೂಡದು, ಬೆಂಕಿ ತಡೆಯುವ ಗೋಡೆಯೇ ಆಗಿರಬೇಕು, ಅಡಿಪಾಯ ಅಗೆಯುವಾಗ ಪಕ್ಕದವರ ಪಾಯಕ್ಕೆ ಆಸರೆ ಕೊಡಬೇಕು ಎಂಬ ಮೂರನ್ನೂ ಜೊತೆಗೇ ಬರೆಯಿರಿ.

ಸ್ಥಾಯಿಸಮಿತಿ

ಕೊನೆಯ ಪ್ರಶ್ನೆ. ಇಷ್ಟೆಲ್ಲ ಬದಲಾವಣೆಯನ್ನು ಸಭೆಯಲ್ಲೇ ಮಂಡಿಸಿ ಅಂದೇ ಮತಕ್ಕೆ ಹಾಕಬಹುದೇ?

ಉತ್ತರ 6: ಕಲಂ_ಉಪಕಲಂ

ಬೇಡ. ಸಾರ್ವಜನಿಕ ಪ್ರಕಟಣೆಯಲ್ಲಿ ತಿಳಿಸಿದ ವ್ಯಾಪ್ತಿಯೊಳಗಿನ ಬದಲಾವಣೆ, ಮತ್ತು ಪ್ರಕಟಣೆಗಿಂತ ಸಡಿಲವಾದ ಅಥವಾ ಬೇರೆಯೇ ಆದ ಬದಲಾವಣೆ, ಇವೆರಡೂ ಒಂದಲ್ಲ. ಪಾರ್ಕಿಂಗ್ 1ಕ್ಕೆ ಇಳಿಕೆ ಎಂದು ಪ್ರಕಟಿಸಿ ಸಭೆಯಲ್ಲಿ ಸೊನ್ನೆ ಮಾಡಿದರೆ, ಕೂಡುಗೋಡೆ ಸೇರಿಸಿದರೆ, ಆಕ್ಷೇಪಣೆ ಸಲ್ಲಿಸುವ ಅವಕಾಶವೇ ಸಿಗಲಿಲ್ಲ ಎಂದು ದಾವೆ ಹೂಡಲು ಅಷ್ಟು ಸಾಕು. ವಲಯ ಹಾಕುವ ಅಧಿಕಾರವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1926ರ ಯೂಕ್ಲಿಡ್ ಪ್ರಕರಣದಲ್ಲೇ ಎತ್ತಿಹಿಡಿಯಿತು, ಆದರೂ ಅಲ್ಲಿ ಇಂದಿಗೂ ತಿದ್ದುಪಡಿಗಳು ಕಾರ್ಯವಿಧಾನದ ಕಾರಣಕ್ಕೆ ಸಿಕ್ಕಿಬೀಳುತ್ತವೆ. ಮಿನಿಯಾಪೊಲಿಸ್ ಯೋಜನೆಗೇ ಪರಿಸರ ಕಾನೂನಿನಡಿಯ ದಾವೆಯಿಂದ 2022ರಲ್ಲಿ ತಡೆ ಬಿತ್ತು, ರಾಜ್ಯದ ಶಾಸನಸಭೆ 2024ರಲ್ಲಿ ಕಾನೂನು ತಿದ್ದಬೇಕಾಯಿತು.

ಈ ಸಭೆಯಲ್ಲಿ ಮಾಡಬಹುದಾದದ್ದು: ಕರಡನ್ನು ನಿರ್ದಿಷ್ಟ ಸೂಚನೆಗಳೊಂದಿಗೆ ಯೋಜನಾ ವಿಭಾಗಕ್ಕೆ ಮರಳಿಸಿ. ಸೂಚನೆಯಲ್ಲಿ ಆರು ನಿವೇಶನಗಳ ಪರೀಕ್ಷೆ ಕೇಳಿ: 12×18 ನಡುವಿನದು, ಅದೇ ಅಳತೆಯ ಮೂಲೆಯದು, 9×12ರ ಸಣ್ಣದು, ಓರೆ ಗಡಿಯದು, ಗಲ್ಲಿಯ ಕೊನೆಯದು, 30×40ರದ್ದು. ಪ್ರತಿಯೊಂದಕ್ಕೂ ಹಳೆಯ ನಿಯಮ, ಕರಡು, ಬದಲಿ ಸಲಹೆ ಹಾಕಿ ಎಷ್ಟು ಮಹಡಿ, ಎಷ್ಟು ಚದರ ಮೀಟರ್, ಎಷ್ಟು ಮನೆ, ಯಾವ ಕಲಂ ಮೊದಲು ತಡೆಯಿತು ಎಂಬ ಕೋಷ್ಟಕ. 9×12ಕ್ಕೆ ಈಗಿನ ಸೆಟ್‌ಬ್ಯಾಕ್‌ನಲ್ಲಿ ಮಹಡಿಗೆ 6×7 = 42 ಚದರ ಮೀಟರ್ ಮಾತ್ರ; ಅದಕ್ಕೆ ಎಫ್‌ಎಆರ್ 2.5 ಎಂದು ತೋರಿಸಿ ಸದಸ್ಯರ ಮುಖ ನೋಡಿ.

ಮರುಪ್ರಕಟಣೆಯ ಭಾಷೆ ಅಗಲವಾಗಿರಲಿ: "ಪಾರ್ಕಿಂಗ್ ಕಡ್ಡಾಯವನ್ನು ಇಳಿಸುವುದು ಅಥವಾ ರದ್ದುಪಡಿಸುವುದು", "ಸೆಟ್‌ಬ್ಯಾಕ್ ಬದಲಿಸುವುದು". ಆಗ ಸಭೆಗೆ ಆಯ್ಕೆ ಉಳಿಯುತ್ತದೆ. ಮತದ ಸರದಿಯಲ್ಲಿ ವ್ಯಾಖ್ಯಾನಗಳು ಮೊದಲು. ಆಮೇಲೆ ಎತ್ತರ, ಸೆಟ್‌ಬ್ಯಾಕ್, ಎಫ್‌ಎಆರ್, ಪಾರ್ಕಿಂಗ್ ನಾಲ್ಕೂ ಒಂದೇ ಗಂಟು. ಇವನ್ನು ಬಿಡಿಬಿಡಿಯಾಗಿ ಹಾಕಬೇಡಿ. ನಂತರ ಇಂಗುವ ನೆಲದ ಕಲಂ, ಹಳೆಯ ಕಟ್ಟಡಗಳ ಕಲಂ, ಜಾರಿ ದಿನಾಂಕ. ವಲಯದ ನಕ್ಷೆ ಪಠ್ಯದ ನಂತರ, ಬೇರೆ ಠರಾವಾಗಿ. ನಕ್ಷೆಯಲ್ಲಿ ಬದಲಾಗುವ ಜಾಗದಲ್ಲಿ ತಮ್ಮದೋ ಹತ್ತಿರದ ಬಂಧುಗಳದೋ ಆಸ್ತಿ ಇರುವ ಸದಸ್ಯರು ಆ ಠರಾವಿನ ಮುನ್ನ ಘೋಷಿಸಿ ಹೊರಗೆ ಹೋಗಲಿ, ಹೋದ ಸಮಯ ನಡಾವಳಿಯಲ್ಲಿ ದಾಖಲಾಗಲಿ.

ವಿರೋಧ ತೀರಾ ಗಟ್ಟಿಯಾದರೆ ಅಮೆರಿಕದ ಹ್ಯೂಸ್ಟನ್ ಹಿಡಿದ ದಾರಿಯೂ ಇದೆ. ಸಾಂಪ್ರದಾಯಿಕ ವಲಯ ನಿಯಮವೇ ಇಲ್ಲದ ಆ ನಗರ 1998ರಲ್ಲಿ ಒಳವರ್ತುಲ ಹೆದ್ದಾರಿಯೊಳಗೆ ಕನಿಷ್ಠ ನಿವೇಶನವನ್ನು 5000 ಚದರ ಅಡಿಯಿಂದ 1400ಕ್ಕೆ ಇಳಿಸಲು ಬಿಟ್ಟಿತು, ಬೇಡವೆನ್ನುವ ಬೀದಿಯವರು ಅರ್ಜಿ ಹಾಕಿ ದೊಡ್ಡ ನಿವೇಶನದ ನಿಯಮ ಉಳಿಸಿಕೊಳ್ಳಲೂ ಅವಕಾಶ ಕೊಟ್ಟಿತು. ಹಾಗೆ ಮಾಡುವುದಾದರೆ ಅರ್ಜಿಗೆ ಬೀದಿಯ ಎಷ್ಟು ಪಾಲು ಮಾಲೀಕರ ಸಹಿ ಬೇಕು, ಎಷ್ಟು ವರ್ಷಕ್ಕೆ ಅದು ಕೊನೆಗೊಳ್ಳುತ್ತದೆ ಎಂದು ಕರಡಿನಲ್ಲೇ ಬರೆಯಿರಿ. ಅವಧಿ ಬರೆಯದಿದ್ದರೆ, ಇಂದು ಸಹಿ ಹಾಕಿದವರು ಮನೆ ಮಾರಿ ಹೋದ ಮೇಲೂ ಆ ತಡೆ ಹಾಗೇ ಇರುತ್ತದೆ.